ಪರದೇಶದಲ್ಲಿ ಅಚಾನಕ್ಕಾಗಿ ಜೊತೆಯಾದವರು ಯಾರು? ದಾವಣಗೆರೆ, ದುರ್ಗದವರು ಬರೀರಿ

ಪಿಜೆ ಬಡಾವಣೆ ಟೀಚರ್

ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಹೋಗಿದ್ದೆ, ಈಗ ದಾವಣಗೆರೆಗೆ ವಾಪಸ್ ಬಂದಿದ್ದೇನೆ. ನೋಡಿದ ಜಾಗಗಳ ಬಗ್ಗೆ ಬರೆಯುವುದಿಲ್ಲ. ಗೋಲ್ಡನ್ ಗೇಟ್ ಸೇತುವೆ ಮುಂದೆ ಸ್ವೆಟರ್ ಹಾಕಿಕೊಂಡು ನಿಂತ ಫೋಟೊ ನಿಮ್ಮೆಲ್ಲರ ಮನೆ ಗ್ರೂಪಿಗೂ ಯಾರಾದರೊಬ್ಬರು ಕಳಿಸಿಯೇ ಇರುತ್ತಾರೆ. ನಾನು ಕೇಳಬೇಕೆಂದಿರುವುದು ಬೇರೆ. ತಿಂಗಳುಗಟ್ಟಲೆ ಹೊರದೇಶದಲ್ಲಿ ಉಳಿದಾಗ, ಕನಸಿನಲ್ಲೂ ನೆನೆಸಿರದ ಯಾರೋ ಒಬ್ಬರು ಜೊತೆಯಾಗಿಬಿಡುತ್ತಾರಲ್ಲ, ನಿಮಗೆ ಅಂಥವರು ಯಾರು ಸಿಕ್ಕರು?

ನನಗೆ ಸಿಕ್ಕವರು ಕಾಬೂಲಿನ ಅಜ್ಜಿ.

ಫ್ರೀಮಾಂಟ್‌ನಲ್ಲಿ ಲೇಕ್ ಎಲಿಜಬೆತ್ ಅಂತ ಕೆರೆ ಇದೆ, ಸುತ್ತ ಪಾರ್ಕು. ಮಗು ಮಲಗಿದಾಗ ನಾನು ಅಲ್ಲಿಗೆ ವಾಕಿಂಗ್ ಹೋಗುತ್ತಿದ್ದೆ. ಬೆಳಗಿನ ಹೊತ್ತು ಅಲ್ಲಿಯ ಬೆಂಚುಗಳ ತುಂಬ ನನ್ನಂಥವರೇ: ಗುಂಟೂರಿನವರು, ಲೂಧಿಯಾನದವರು, ಚೀನಾದ ತಾತ ಅಜ್ಜಿಯರು. ಎಲ್ಲರೂ ಮೊಮ್ಮಗುವಿನ ಲೆಕ್ಕದಲ್ಲಿ ಬಂದವರು. ಎಲ್ಲರ ಬಾಯಲ್ಲೂ ಒಂದೇ ಮಾತು, "ಯಾವಾಗ ರಿಟರ್ನು?" ಈ ಅಜ್ಜಿಗೆ ಮಾತ್ರ ರಿಟರ್ನು ಇರಲಿಲ್ಲ. 1979ರಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ದೇಶ ಬಿಟ್ಟ ಎಷ್ಟೋ ಸಂಸಾರಗಳು ಫ್ರೀಮಾಂಟ್ ಸೇರಿವೆ. ಆ ಊರಿನ ಒಂದು ಭಾಗಕ್ಕೆ ಜನ 'ಲಿಟಲ್ ಕಾಬೂಲ್' ಅಂತಲೇ ಕರೆಯುತ್ತಾರೆ. ಅಜ್ಜಿಯ ಮನೆಯವರು ಹಾಗೆ ಬಂದವರು. ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿ ಅವರದು, ಶಾಲೆಯಲ್ಲಿ ಕಲಿತ ಹಿಂದಿ ನನ್ನದು. ವ್ಯಾಕರಣ ಇಬ್ಬರಿಗೂ ಇಲ್ಲ, ಕೆಲಸ ನಡೆಯಿತು.

ನಮ್ಮಿಬ್ಬರನ್ನು ಹತ್ತಿರ ಮಾಡಿದ್ದು ಹೊಗೆ. ಮಗುವಿಗೆ ಸ್ನಾನ ಮಾಡಿಸಿ ಚೂರು ಸಾಂಬ್ರಾಣಿ ಹಾಕಿದೆ, ಚಾವಣಿಯಲ್ಲಿದ್ದ ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಅಳಿಯ ಮೀಟಿಂಗ್ ಬಿಟ್ಟು ಟವೆಲ್ ಬೀಸುತ್ತಾ ಓಡಿ ಬಂದರು. ಮಾರನೇ ದಿನ ಅಜ್ಜಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಲ್ಲಿ ದೃಷ್ಟಿ ತೆಗೆಯಲು ಇಸ್ಪಂದ್ ಅಂತ ಒಂದು ಕಾಳನ್ನು ಕೆಂಡದ ಮೇಲೆ ಹಾಕಿ, ಚಟಪಟ ಅಂದಾಗ ಆ ಹೊಗೆಯನ್ನು ಮಗುವಿನ ತಲೆ ಸುತ್ತ ಆಡಿಸುತ್ತಾರಂತೆ. ಅವರ ಮನೆಯಲ್ಲೂ ಅದೇ ಅಲಾರಂ, ಅದೇ ರಾಮಾಯಣ. "ಗ್ಯಾರೇಜಿಗೆ ಹೋಗಿ, ಶಟರ್ ಎತ್ತಿ, ಅಲ್ಲಿ ಹಾಕಿ" ಅಂತ ಉಪಾಯ ಹೇಳಿಕೊಟ್ಟರು. ಮಗುವನ್ನು ಬಿಗಿಯಾಗಿ ಬಟ್ಟೆಯಲ್ಲಿ ಸುತ್ತುವ ವಿಷಯದಲ್ಲೂ ನಮ್ಮಿಬ್ಬರದು ಒಂದೇ ಪಕ್ಷ. ಅಲ್ಲಿಯ ಮಕ್ಕಳ ಡಾಕ್ಟರು ಕಾಲು ಬಿಗಿಯಬಾರದು, ಸೊಂಟದ ಕೀಲಿಗೆ ತೊಂದರೆ ಅಂದಿದ್ದಾರೆಂದು ಮಗಳು ಮೊಬೈಲಿನಲ್ಲಿ ತೋರಿಸಿದಳು. ಡಾಕ್ಟರ ಮಾತೇ ನಡೆಯಿತು, ನಡೆಯಬೇಕಾದ್ದೂ ಅದೇ. ಆದರೂ ಬೆಂಚಿನ ಮೇಲೆ ಕೂತು ಇಬ್ಬರೂ ಗೊಣಗುವ ಸುಖ ಬಿಡಲಿಲ್ಲ.

ಕೋಟಿನ ಜೇಬಿನಿಂದ ಒಣಗಿದ ಹಿಪ್ಪುನೇರಳೆ ಹಣ್ಣು ತೆಗೆದು ಕೊಡುತ್ತಿದ್ದರು. ನಮ್ಮ ಕಡೆ ಆ ಗಿಡದ ಸೊಪ್ಪು ರೇಷ್ಮೆ ಹುಳಕ್ಕೆ ಅಂದರೆ, ಹಣ್ಣು ಯಾಕೆ ಬಿಡ್ತೀರಿ ಅಂತ ಕೇಳಿದರು. ಉತ್ತರ ಇರಲಿಲ್ಲ.

ನೀವೂ ಬರೀರಿ.

ಕಲ್ಲಿನಕೋಟೆ

ಟೀಚರಮ್ಮ, ಓದಿ ಸಂತೋಷ ಆಯ್ತು. ಬ್ಯಾಂಕಿನಲ್ಲಿ ಕೂತು ಅನುಮಾನ ಪಡೋದನ್ನೇ ಕಸುಬು ಮಾಡಿಕೊಂಡವನು ನಾನು, ಹಾಗಾಗಿ ಒಂದು ಕಹಿ ಗುಳಿಗೆ.

ದುಬೈನಲ್ಲಿರುವ ಮಗನ ಹತ್ತಿರ ಹೊರಟಿದ್ದೆ. ಬೆಂಗಳೂರು ಏರ್‌ಪೋರ್ಟಿನಲ್ಲಿ ಲಗೇಜ್ ಸಾಲಿನಲ್ಲಿ ಒಬ್ಬ ಸಭ್ಯ ಮನುಷ್ಯ. "ಸಾರ್ ದುರ್ಗದವರಾ? ನಮ್ಮ ಮಾವನ ಮನೆ ಹೊಳಲ್ಕೆರೆ." ಮಾತು ಸುರುವಾಯ್ತು. ಮುರುಘಾ ಮಠ, ಚಂದ್ರವಳ್ಳಿ, ವಾಣಿವಿಲಾಸ ಸಾಗರ ತುಂಬಿದ್ದು, ಎಲ್ಲಾ ಬಂತು. ಕೊನೆಗೆ ಒಂದು ಪೊಟ್ಟಣ. "ನಂದು ತೂಕ ಜಾಸ್ತಿ ಆಗ್ಬಿಟ್ಟಿದೆ ಸಾರ್, ಅಲ್ಲಿ ನಮ್ಮ ತಮ್ಮ ಬಂದು ಇಸ್ಕೊಳ್ತಾನೆ." ಬಿಚ್ಚಿ ತೋರಿಸಪ್ಪ ಅಂದೆ. ಚಟ್ನಿಪುಡಿ, ಹುರಿಹಿಟ್ಟು, ಅದರಡಿ ಅರ್ಧ ಕಿಲೋ ಗಸಗಸೆ. ನಮಗೆ ಗಸಗಸೆ ಪಾಯಸ. ಯುಎಇ, ಸೌದಿ, ಕತಾರ್‌ನಲ್ಲಿ ಅದು ನಿಷೇಧಿತ ಮಾಲು, ಸಿಕ್ಕಿದರೆ ಮಾದಕ ವಸ್ತುವಿನ ಕೇಸು. ಆತನಿಗೆ ಗೊತ್ತಿತ್ತೋ ಇಲ್ಲವೋ ನಾನು ವಿಚಾರಿಸಲಿಲ್ಲ. ಗೊತ್ತಿಲ್ಲದೆ ಇದ್ದರೂ ಕಂಬಿ ಎಣಿಸಬೇಕಾಗಿದ್ದವನು ನಾನು. ಆಗಲ್ಲ ಅಂದೆ. ಅಲ್ಲಿಯವರೆಗೂ ಮಾವನ ಮನೆ ಸಂಬಂಧ ಇತ್ತು, ಆಮೇಲೆ ವಿಮಾನದಲ್ಲಿ ಎರಡು ಸಾಲು ಹಿಂದೆ ಕೂತು ಮುಖ ನೋಡಲಿಲ್ಲ.

ಜೊತೆ ಬರಲಿ, ಬೇಡ ಅನ್ನಲ್ಲ. ಅವರ ಗಂಟು ಮಾತ್ರ ಬೇಡ. ಕೌಂಟರ್‌ನಲ್ಲಿ "ಬ್ಯಾಗ್ ನೀವೇ ಪ್ಯಾಕ್ ಮಾಡಿದ್ದಾ" ಅಂತ ಕೇಳೋದು ಶಾಸ್ತ್ರಕ್ಕಲ್ಲ.

ಚಳ್ಳಕೆರೆ ಶೇಂಗಾ

ಚಿಕ್ಕದೊಂದು. ಪ್ಯಾಕೇಜ್ ಟೂರಿನಲ್ಲಿ ಕಾಠ್ಮಂಡುಗೆ ಹೋಗಿದ್ವಿ, ಪಶುಪತಿನಾಥನ ದರ್ಶನಕ್ಕೆ. ಸಾಲಿನಲ್ಲಿ ನಿಂತು ನಮ್ಮವ್ವ "ಅಯ್ಯೋ ಸ್ವಾಮಿ, ಕಾಲು ಸತ್ತೇ ಹೋದ್ವು" ಅಂದ್ಲು. ಒಳಗಿಂದ ಒಬ್ಬರು "ಎಲ್ಲಿಂದ ಬಂದ್ರಿ ಅಮ್ಮ?" ಅಂದ್ರು, ಅಚ್ಚ ಕನ್ನಡದಲ್ಲಿ! ಅಲ್ಲಿನ ಮುಖ್ಯ ಅರ್ಚಕರಾದ ಭಟ್ಟರು ದಕ್ಷಿಣದವರು, ಈಗಲೂ ಕರ್ನಾಟಕದ ಕಡೆಯವರು ಇದಾರೆ ಅಂತ ಆಮೇಲೆ ಗೊತ್ತಾಯ್ತು. ನಮ್ಮವ್ವ ನೇಪಾಳದ ಬಗ್ಗೆ ಯಾರು ಕೇಳಿದ್ರೂ ಹಿಮಾಲಯ ಬಿಟ್ಟು ಇದನ್ನೇ ಹೇಳ್ತಾಳೆ.

ಗಿರಣಿ ಫಿಟ್ಟರ್

ಕಲ್ಲಿನಕೋಟೆ ಸಾರ್ ಹೇಳಿದ್ದು ಖರೆ. ಆದ್ರೆ ಗಂಟು ಹೊತ್ತೋರೆಲ್ಲಾ ಕಳ್ಳರಲ್ಲ. ನಂದೊಂದು ಕೇಳ್ರಿ, ಸ್ವಲ್ಪ ಉದ್ದ ಐತೆ.

ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರಲ್ಲ, ಆ ಕಾಲದ ಕೊನೇ ಶಿಫ್ಟ್‌ನೋನು ನಾನು. ಕಾಟನ್ ಮಿಲ್ಲುಗಳು ಒಂದೊಂದೇ ಬಾಗಿಲು ಹಾಕಿದ ಮೇಲೆ ಕೊಯಮತ್ತೂರು, ತಿರುಪುರ ಸುತ್ತಿ, ಕೊನೆಗೆ ಇಥಿಯೋಪಿಯಾದ ಹವಾಸ ಅನ್ನೋ ಊರಿಗೆ ಹೋದೆ. ಅಲ್ಲಿ 2016ರಲ್ಲಿ ದೊಡ್ಡ ಇಂಡಸ್ಟ್ರಿಯಲ್ ಪಾರ್ಕ್ ತೆರೆದಿದ್ರು. ಸಾಲು ಸಾಲು ಗಾರ್ಮೆಂಟ್ ಶೆಡ್ಡು, ಸುತ್ತಲ ಹಳ್ಳಿಯ ಹುಡುಗೀರು ಕೆಲಸಕ್ಕೆ. ನಂದು ಮಷೀನ್ ಮೇಂಟೆನೆನ್ಸ್. ರೂಮಿನಲ್ಲಿ ಜೊತೆಗಿದ್ದೋನು ಶ್ರೀಲಂಕಾದ ಕುರುನೆಗಲದ ಹುಡುಗ. ಅವನಿಗೆ ತೆಂಗಿನಕಾಯಿ ಇಲ್ದೆ ಬಾಯಿಗೆ ತುತ್ತು ಹೋಗಲ್ಲ, ನನಗೆ ಹಸಿಮೆಣಸಿನಕಾಯಿ ಇಲ್ದೆ ಹೋಗಲ್ಲ. ಅಲ್ಲಿಯೋರ ಇಂಜೆರಾ ಇಬ್ಬರಿಗೂ ಹಿಡಿಸ್ತು. ಟೆಫ್ ಅನ್ನೋ ಸಣ್ಣ ಕಾಳಿನ ಹಿಟ್ಟು ಹುಳಿ ಬರಿಸಿ ಹಂಚಿನ ಮೇಲೆ ಹುಯ್ಯೋದು, ಒಂದೇ ಮಗ್ಗುಲು ಬೇಯಿಸೋ ನಮ್ಮ ದೋಸೆ ಹಂಗೆ, ಬೆಣ್ಣೆ ಮಾತ್ರ ಇಲ್ಲ. ಅಲ್ಲಿ ಗಡಿಯಾರನೂ ಬ್ಯಾರೆ. ಹೊತ್ತು ಹುಟ್ಟಿದ ಮ್ಯಾಲೆ ಎಣಿಸೋಕೆ ಶುರು, ಅವರ ಎರಡು ಗಂಟೆ ಅಂದ್ರೆ ನಮ್ಮ ಬೆಳಿಗ್ಗೆ ಎಂಟು. ಹೊಸದಾಗಿ ಬಂದ ಟೆಕ್ನಿಷಿಯನ್ನುಗಳೆಲ್ಲಾ ಇದರಲ್ಲಿ ಒಂದ್ಸಲ ಬೈಸ್ಕೊಳ್ಳೋರೇ.

ಈಗ ವಿಷಯಕ್ಕೆ ಬರ್ತೀನಿ. ರಜೆಗೆ ಊರಿಗೆ ಹೊರಟಾಗ ಅಡ್ಡಿಸ್ ಅಬಾಬಾದ ಬೋಲೆ ಏರ್‌ಪೋರ್ಟಲ್ಲಿ ರಾತ್ರಿ ಕೂತಿದ್ದೆ. ಮುಂಬೈ ವಿಮಾನ ತಡ. ಆಫ್ರಿಕಾದ ಎಲ್ಲಾ ಮೂಲೆಯಿಂದ ಬಂದೋರು ಅಲ್ಲೇ ವಿಮಾನ ಬದಲಾಯಿಸೋದು, ಕಾಲಿಡಕೆ ಜಾಗ ಇಲ್ಲ. ಹಿಂದಿನ ಬೆಂಚಿಂದ ಒಂದು ಹೆಣ್ಣು ದನಿ: "ಏ ತಮ್ಮಾ, ಆ ಚೀಲ ಈ ಕಡಿಗೆ ತಗಿ, ಕಾಲಿಗೆ ತೊಡರ್ತತೆ."

ತಿರುಗಿ ನೋಡಿದ್ರೆ ನಮ್ಮ ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ. ಒಂದು ಹೆಂಗಸು, ಆಕೆ ತಮ್ಮ, ಇನ್ನಿಬ್ಬರು ಹುಡುಗರು. ಗ್ಯಾಬೊನ್ ಕಡೆಯಿಂದ ವಾಪಸ್ ಬರ್ತಿದ್ರು. ತಲೆಗೂದಲಿಗೆ ಹಚ್ಚೋ ಎಣ್ಣೆ, ಮೈಕೈ ನೋವಿನ ಎಣ್ಣೆ ಮಾರೋ ವ್ಯಾಪಾರ. ಆಕೆ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ನಾಲ್ಕೂ ಜನರ ಪಾಸ್‌ಪೋರ್ಟು, ಒಂದೊಂದಕ್ಕೂ ಹಳದಿ ಜ್ವರದ ಲಸಿಕೆ ಕಾರ್ಡು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ್ಲು. ನಾನು ನನ್ನ ಕಾರ್ಡು ಹುಡುಕೋಕೆ ಮೂರು ಜೇಬು ತಡಕಾಡಿದ್ದು ನೋಡಿ "ಅದನ್ನ ಪಾಸ್‌ಪೋರ್ಟ್ ಜೊತೆಗೇ ಇಡ್ರಿ ಅಣ್ಣಾರೆ, ಬಾಂಬೇಲಿ ಮೊದ್ಲು ಅದನ್ನೇ ಕೇಳ್ತಾರೆ" ಅಂದ್ಲು.

ವಿಮಾನ ಇನ್ನೂ ತಡ ಅಂತ ಬೋರ್ಡಲ್ಲಿ ಬಂತು. ನಾವೆಲ್ಲಾ ಓದಿದೋರು ಸುಮ್ನೆ ಕೂತ್ವಿ. ಆಕೆ ಎದ್ದು ಕೌಂಟರಿಗೆ ಹೋಗಿ, ಒಂದಿಷ್ಟು ಫ್ರೆಂಚು, ಒಂದಿಷ್ಟು ಇಂಗ್ಲಿಷು, ಮಿಕ್ಕಿದ್ದು ಕೈಸನ್ನೆ, ಐದು ಊಟದ ಕೂಪನ್ ತಗೊಂಡು ಬಂದ್ಲು. ಐದನೇದು ನನಗೆ. "ತಡ ಆದ್ರೆ ಕೊಡ್ತಾರೆ ಅಣ್ಣಾರೆ, ಆದ್ರೆ ಕೇಳ್ದೋರಿಗೆ ಮಾತ್ರ."

ಅಲ್ಲಿಂದ ಬೆಳಗಿನ ತನಕ ಮಾತು. ಚನ್ನಗಿರಿ ಅಡಿಕೆ ರೇಟು, ಸೂಳೆಕೆರೆ ನೀರು, ದುಗ್ಗಮ್ಮನ ಜಾತ್ರೆ. ಅಷ್ಟು ವರ್ಷ ದಾವಣಗೆರೇಲಿದ್ದು ಅವರ ಜೊತೆ ಒಂದ್ಸಲನೂ ಕೂತು ಮಾತಾಡಿರಲಿಲ್ಲ ನಾನು. ಅದಕ್ಕೇ ಅದು ನನಗೆ ಭಾರೀ ಆಶ್ಚರ್ಯ.

ಅಸ್ತಾಪನಹಳ್ಳಿ ಹುಡುಗ

ಫಿಟ್ಟರ್ ಅಣ್ಣಾರಿಗೆ ನಮಸ್ಕಾರ. ನಾನು ಚನ್ನಗಿರಿ ತಾಲ್ಲೂಕು ಅಸ್ತಾಪನಹಳ್ಳಿಯವನು, ಅದೇ ಹಕ್ಕಿಪಿಕ್ಕಿ ಸಮುದಾಯ. ನೀವು ಪ್ರೀತಿಯಿಂದಲೇ ಬರೆದಿದ್ದೀರಿ. ಆದರೆ ಓದುತ್ತಾ ನನಗೆ ಒಂದು ಪ್ರಶ್ನೆ ಬಂತು: ನಿಮಗೆ ಅಷ್ಟು ಆಶ್ಚರ್ಯ ಯಾಕಾಯ್ತು?

1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮ ಹಿರಿಯರ ಬೇಟೆ ನಿಂತಿತು. ಹೊಟ್ಟೆಪಾಡಿಗೆ ಪಿನ್ನು, ಬಾಚಣಿಗೆ, ಪ್ಲಾಸ್ಟಿಕ್ ಹೂವು, ಗಿಡಮೂಲಿಕೆ ಎಣ್ಣೆ ಮಾರುತ್ತಾ ಊರೂರು ತಿರುಗಿದರು. ಮನೆಯಲ್ಲಿ ವಾಗ್ರಿ ಮಾತಾಡುತ್ತೇವೆ, ಅದು ಗುಜರಾತಿಗೆ ಹತ್ತಿರದ ಭಾಷೆ. ಹೊರಗೆ ಕನ್ನಡ, ತಮಿಳು, ತೆಲುಗು, ಹಿಂದಿ. ಹೊಸ ಊರಿಗೆ ಹೋಗಿ ಅಲ್ಲಿಯ ಮಾತು ಕಲಿತು ಸರಕು ಮಾರುವುದು ನಮಗೆ ಹೊಸದಲ್ಲ, ಊರು ದೂರವಾಯ್ತು ಅಷ್ಟೆ. ನಮ್ಮೂರಲ್ಲಿ ಮನೆಗೊಂದು ಪಾಸ್‌ಪೋರ್ಟು ಇದೆ ಅಂದರೆ ದಾವಣಗೆರೆ ಕಾಲೇಜಿನಲ್ಲಿ ಗೆಳೆಯರು ನಂಬುತ್ತಿರಲಿಲ್ಲ.

2023ರ ಏಪ್ರಿಲ್ 15ಕ್ಕೆ ಸುಡಾನ್‌ನಲ್ಲಿ ಸೈನ್ಯಕ್ಕೂ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಾಗ ನಮ್ಮವರು ಅಲ್ಲಿದ್ದರು. ಎಲ್ ಫಾಶರ್ ಅನ್ನುವ ಊರಿನಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ನಮ್ಮ ಚಿಕ್ಕಪ್ಪ, ಚಿಕ್ಕಮ್ಮ. ಟಿವಿಯವರು ಆಗ ನಮ್ಮ ಹೆಸರು ಮೊದಲ ಸಲ ಸರಿಯಾಗಿ ಹೇಳಿದರು. ಬಾಡಿಗೆ ಮನೆ, ಕರೆಂಟ್ ಇಲ್ಲ, ನೀರಿಲ್ಲ, ಗುಂಡಿನ ಸದ್ದು. ಪಕ್ಕದ ಮನೆಯಾಕೆ, ಐದು ಮಕ್ಕಳ ತಾಯಿ, ತನ್ನ ಮನೆಗೇ ನೀರು ಸಾಲದಿದ್ದಾಗ ಗೋಡೆ ಮೇಲಿಂದ ಒಂದು ಕ್ಯಾನು ಇಳಿಸುತ್ತಿದ್ದಳಂತೆ. ಚಿಕ್ಕಮ್ಮನ ಹತ್ತಿರ ಉಳಿದಿದ್ದ ಎಣ್ಣೆ ಬಾಟಲಿಗಳನ್ನು ಅವಳಿಗೇ ಕೊಟ್ಟು ಬಂದರು, ಹಣ ತೆಗೆದುಕೊಳ್ಳಲ್ಲ ಅಂದಳಂತೆ. ಆಮೇಲೆ ಬಸ್ಸಿನಲ್ಲಿ ಪೋರ್ಟ್ ಸುಡಾನ್‌ವರೆಗೆ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್, ಹೆಜ್ಜೆಗೊಂದು ತಪಾಸಣೆ. ಭಾರತ ಸರ್ಕಾರದ 'ಆಪರೇಷನ್ ಕಾವೇರಿ'ಯಲ್ಲಿ ಕೆಂಪು ಸಮುದ್ರ ದಾಟಿಸಿ ಜೆಡ್ಡಾಕ್ಕೆ, ಅಲ್ಲಿಂದ ವಿಮಾನದಲ್ಲಿ ಭಾರತಕ್ಕೆ. ಯುದ್ಧದಿಂದ ಬಂದವರಲ್ಲೂ ಹಳದಿ ಜ್ವರದ ಲಸಿಕೆ ಕಾರ್ಡ್ ಇಲ್ಲದ ಕೆಲವರನ್ನು ಬೆಂಗಳೂರಿನಲ್ಲಿ ಕ್ವಾರಂಟೈನ್ ಮಾಡಿದರು. ಆ ರಬ್ಬರ್ ಬ್ಯಾಂಡ್ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಇನ್ನು ಟೀಚರ್ ಕೇಳಿದ್ದಕ್ಕೆ. ಆ ನೀರು ಕೊಟ್ಟ ಹೆಂಗಸು ನಮಗೆ ಅಚಾನಕ್ ಅಲ್ಲ. ಅಂಥವರು ಎಲ್ಲಾ ಊರಲ್ಲೂ ಸಿಗುತ್ತಾರೆ, ಸಿಗದಿದ್ದರೆ ನಮ್ಮ ವ್ಯಾಪಾರವೇ ನಡೆಯಲ್ಲ. ನಮಗೆ ಅಚಾನಕ್ ಅಂದರೆ ಫಿಟ್ಟರ್ ಅಣ್ಣನಂಥವರು. ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಚಿಕ್ಕಮ್ಮ ಸರ ಮಾರುವಾಗ "ಏಯ್, ಅತ್ಲಾಗೆ ಹೋಗು" ಅಂದವರು, ಅಡ್ಡಿಸ್‌ನಲ್ಲಿ "ಬರ್ರಿ ಅಮ್ಮಾರೆ, ಕೂಡ್ರಿ" ಅಂತಾರೆ. ಅಲ್ಲಿ ನಾವಿಬ್ಬರೂ ಇಂಡಿಯಾದವರು. ಮುಂಬೈನಲ್ಲಿ ಇಳಿದಾಗ ಕರ್ನಾಟಕದವರು. ರೈಲು ಹತ್ತಿ ಹರಿಹರ ದಾಟುವ ಹೊತ್ತಿಗೆ ಮತ್ತೆ ಅವರವರ ಬೆಂಚು ಅವರವರಿಗೆ.

ಪಿಜೆ ಬಡಾವಣೆ ಟೀಚರ್

ತಮ್ಮಾ, ಇದನ್ನು ಎರಡು ಸಲ ಓದಿದೆ. ಫಿಟ್ಟರ್ ಅವರು ಏನು ಹೇಳ್ತಾರೋ ನೋಡೋಣ.

ಗಿರಣಿ ಫಿಟ್ಟರ್

ಹೇಳ್ತೀನಿ ಮೇಡಂ. ತಮ್ಮ ಹೇಳಿದ್ದು ಕೇಳಿ ನಾನೇನು ತಲೆ ತಗ್ಗಿಸಲ್ಲ, ಯಾಕಂದ್ರೆ ಹರಿಹರ ದಾಟಿದ ಮ್ಯಾಲೂ ಬೆಂಚು ಬದಲಾಗಿಲ್ಲ. ಏರ್‌ಪೋರ್ಟಲ್ಲಿ ಕೂಪನ್ ಕೊಟ್ಟ ಆಕೆ ಅಕ್ಕನ ಮಗ ಐಟಿಐ ಫಿಟ್ಟರ್ ಮುಗಿಸಿ ಖಾಲಿ ಕೂತಿದ್ದ. ಆಕೆ ಫೋನ್ ಮಾಡಿದ್ಲು, ಹರಿಹರದಲ್ಲಿ ನನಗೆ ಗೊತ್ತಿರೋ ಒಂದು ವರ್ಕ್‌ಶಾಪಿಗೆ ಕರ್ಕೊಂಡು ಹೋದೆ. ಮಾಲೀಕ ಹುಡುಗನ ಕೈ ನೋಡೋದು ಬಿಟ್ಟು ಮೊದಲು ಯಾವ ಜನ ಅಂತ ಕೇಳಿದ. ವರ್ನಿಯರ್ ಕೈಗೆ ಕೊಟ್ಟು ಅಳತೆ ತಗೆಸಿ ನೋಡು, ಜನ ಆಮೇಲೆ ಕೇಳು ಅಂದೆ. ಹುಡುಗ ಈಗ ಲೇತ್ ನಡೆಸ್ತಾನೆ. ನನ್ನ ಪ್ರಯೋಜನಕ್ಕೂ ಒಂದು ಹೇಳ್ತೀನಿ: ನಮ್ಮ ಹುಡುಗ ತಾಂಜಾನಿಯಾಕ್ಕೆ ಹೊರಟಾಗ ಯಾವ ಏಜೆಂಟು ಖರೆ, ಯಾವನು ಸುಳ್ಳ ಅಂತ ಹೇಳಿದ್ದು ಅಸ್ತಾಪನಹಳ್ಳಿಯೋರೇ. ದಾವಣಗೆರೇಲಿ ಅಷ್ಟು ಗೊತ್ತಿರೋರು ಒಬ್ಬರೂ ಇರಲಿಲ್ಲ.

ಆದ್ರೂ ಬಸ್‌ಸ್ಟ್ಯಾಂಡಿನ ಮಾತು ಸುಳ್ಳಲ್ಲ. ನಾನೇ ಕಿವಿಯಾರ ಕೇಳೀನಿ.

ಅಸ್ತಾಪನಹಳ್ಳಿ ಹುಡುಗ

ಲೇತ್ ಹುಡುಗ ನಮ್ಮ ಓಣಿಯವನೇ ಅಣ್ಣ! ನೀವು ಅಂತ ಗೊತ್ತಿರಲಿಲ್ಲ. ಚಿಕ್ಕಮ್ಮನಿಗೆ ಇದನ್ನೆಲ್ಲಾ ಓದಿ ಹೇಳ್ತೀನಿ.

ಡಾಕ್ಟರ್ ವಿದ್ಯಾನಗರ

ಫಿಟ್ಟರಣ್ಣ, ನಾನು ಅಸಲಿ ಮ್ಯಾಂಚೆಸ್ಟರ್‌ನಲ್ಲಿದ್ದವನು. ದಾವಣಗೆರೆಯಲ್ಲಿ ಎಂಬಿಬಿಎಸ್ ಮುಗಿಸಿ ಇಂಗ್ಲೆಂಡಿಗೆ ಹೋಗಬೇಕು ಅಂತ ಪ್ಲಾಬ್ ಬರೆದೆ, ಹೊರದೇಶದಲ್ಲಿ ಓದಿದ ಡಾಕ್ಟರುಗಳಿಗೆ ಅಲ್ಲಿ ಇಡೋ ಪರೀಕ್ಷೆ. ಅದರ ಎರಡನೇ ಭಾಗ ಮ್ಯಾಂಚೆಸ್ಟರ್‌ನಲ್ಲಿ ಮಾತ್ರ ನಡೆಯುತ್ತೆ. 16 ಸ್ಟೇಷನ್, ಒಂದೊಂದರಲ್ಲಿ 8 ನಿಮಿಷ, ನಟರು ರೋಗಿಗಳಾಗಿ ಕೂತಿರ್ತಾರೆ, ಅವರ ಜೊತೆ ಮಾತಾಡಿ ತೋರಿಸಬೇಕು. ಅದಕ್ಕೆ ತಯಾರಿ ಮಾಡೋರೆಲ್ಲಾ ಒಂದೊಂದು ಮನೆಯಲ್ಲಿ ಗುಂಪಾಗಿ ಇರ್ತಾರೆ. ನಮ್ಮ ಮನೆಯಲ್ಲಿ ಮುಲ್ತಾನಿನ ಒಬ್ಬ, ಲಾಗೋಸ್‌ನ ಒಬ್ಬಳು, ಖಾರ್ಟೂಮ್‌ನ ಒಬ್ಬ.

ಹಗಲು ರಾತ್ರಿ ಅಡುಗೆಮನೆಯಲ್ಲಿ ನಾಟಕ. ಒಬ್ಬರು ಡಾಕ್ಟರು, ಒಬ್ಬರು ರೋಗಿ, ಒಬ್ಬರು ಮೊಬೈಲಿನಲ್ಲಿ 8 ನಿಮಿಷದ ಟೈಮರ್. ಮುಲ್ತಾನಿನವನು ಸಿಟ್ಟಿನ ರೋಗಿಯ ಪಾತ್ರಕ್ಕೆ ಹುಟ್ಟಿದವನು. "ಮೂರು ಗಂಟೆಯಿಂದ ಕಾಯ್ತಿದೀನಿ, ಯಾರೂ ಕೇಳೋರಿಲ್ಲ" ಅಂತ ಸೌಟು ಹಿಡಿದು ಅಬ್ಬರಿಸಿದ್ರೆ ನಿಜಕ್ಕೂ ಕೈ ನಡುಗೋದು. ಅವನ ಊರೂ ಹತ್ತಿ ಬೆಳೆಯೋ ಊರು. ಅವರಪ್ಪನಿಗೆ ಹತ್ತಿಯಿಂದ ಬೀಜ ಬಿಡಿಸೋ ಜಿನ್ನಿಂಗ್ ಮಿಲ್ಲು ಇತ್ತಂತೆ, ನಮ್ಮ ತಾತ ಮಿಲ್ಲಿನ ಕಾರ್ಮಿಕ. ಇಬ್ಬರೂ ಒಂದು ಭಾನುವಾರ ಅಲ್ಲಿನ ವಿಜ್ಞಾನ ಮತ್ತು ಕೈಗಾರಿಕೆ ಮ್ಯೂಸಿಯಂಗೆ ಹೋದ್ವಿ. ಹಳೇ ನೂಲುವ ಯಂತ್ರಗಳನ್ನ ಈಗಲೂ ಓಡಿಸಿ ತೋರಿಸ್ತಾರೆ. ಆ ಸದ್ದಿಗೆ ನಾನು ಕಿವಿ ಮುಚ್ಚಿಕೊಂಡೆ. ತಾತನಿಗೆ ವಯಸ್ಸಾದ ಮೇಲೆ ಕಿವಿ ಕೇಳ್ತಿರಲಿಲ್ಲ. ಡಾಕ್ಟರಾಗಿ ಅದರ ಕಾರಣ ಪುಸ್ತಕದಲ್ಲಿ ಓದಿದ್ದೆ, ಕಿವಿಗೆ ಬಿದ್ದಿದ್ದು ಅಲ್ಲಿ.

ಖಾರ್ಟೂಮ್‌ನವನ ಬಗ್ಗೆ ಅಸ್ತಾಪನಹಳ್ಳಿ ತಮ್ಮನಿಗೆ ಹೇಳಬೇಕು. ಅವನ ಮನೆಯವರು ಯುದ್ಧದಲ್ಲಿ ಊರು ಬಿಟ್ಟು ಕೈರೋ ಸೇರಿದ್ರು. ಸಾವಿನ ಸುದ್ದಿ ಹೇಳೋ ಸ್ಟೇಷನ್ ಬಂದಾಗ ಸಂಬಂಧಿಕನ ಪಾತ್ರಕ್ಕೆ ಅವನು ಕೂರ್ತಿರಲಿಲ್ಲ, "ಟೈಮರ್ ನಾನು ಹಿಡಿತೀನಿ" ಅನ್ನೋನು. ನಾವೂ ಒತ್ತಾಯ ಮಾಡಲಿಲ್ಲ.

ಮುಲ್ತಾನಿನವನು ಈಗ ಸ್ಕಾಟ್ಲೆಂಡಿನಲ್ಲಿದಾನೆ. ಊರಲ್ಲಿದ್ದಿದ್ರೆ ನಾವಿಬ್ಬರೂ ಒಬ್ಬರ ಊರಿಗೊಬ್ಬರು ಹೋಗೋಕೆ ವೀಸಾನೇ ಸಿಗ್ತಿರಲಿಲ್ಲ.

ಗಿರಣಿ ಫಿಟ್ಟರ್

ಡಾಕ್ಟರೇ, ಅವರು ಮ್ಯೂಸಿಯಂನಲ್ಲಿ ಎಣ್ಣೆ ಬಿಟ್ಟು ಓಡಿಸ್ತಾರೆ, ನಾವು ಅಂಥವನ್ನೇ ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕಿದ್ವಿ.

ಆಜಾದ್ ನಗರ

ನಮ್ಮ ಅಮ್ಮಿದು ಬರೀತೀನಿ. 2018ರಿಂದ 45 ದಾಟಿದ ಹೆಂಗಸರು ಮೆಹರಮ್ ಇಲ್ಲದೆ, ಅಂದ್ರೆ ಗಂಡ, ಮಗ, ಅಣ್ಣ ತಮ್ಮ ಯಾರೂ ಜೊತೆಗಿಲ್ಲದೆ, ನಾಲ್ಕು ಜನ ಗುಂಪಾಗಿ ಹಜ್‌ಗೆ ಅರ್ಜಿ ಹಾಕಬಹುದು ಅಂತ ಆಯ್ತು. ಅಬ್ಬಾ ತೀರಿಕೊಂಡಿದ್ರು, ನನಗೆ ಮಂಡಿಪೇಟೆಯ ಅಂಗಡಿ ಬಿಡೋ ಹಂಗಿರಲಿಲ್ಲ. ಅಮ್ಮಿ ಗುಂಪಿಗೆ ನಾಲ್ಕನೆಯವರಾಗಿ ಬಂದೋರು ಚಿತ್ರದುರ್ಗದ ರಿಟೈರ್ಡ್ ನರ್ಸ್ ಒಬ್ಬರು. ಮೊದಲು ಮುಖ ಪರಿಚಯನೂ ಇಲ್ಲ.

ಮೆಕ್ಕಾದಲ್ಲಿ ಅಜೀಜಿಯಾ ಅನ್ನೋ ಕಡೆ ಬಿಲ್ಡಿಂಗ್ ಕೊಟ್ಟಿದ್ರು, ಮಹಡಿಗೊಂದು ಅಡುಗೆಮನೆ. ಬಿಹಾರದೋರು, ಕೇರಳದೋರು, ನಮ್ಮೋರು ಎಲ್ಲರಿಗೂ ಅದೇ ಒಲೆ. ನಮ್ಮ ಅಮ್ಮಿ ಊರಲ್ಲಿ ತನ್ನ ಒಲೆ ಹತ್ತಿರ ಸೊಸೇನೂ ಬಿಟ್ಟುಕೊಳ್ಳದ ಹೆಂಗಸು, ಅಲ್ಲಿ ಸಾಲಲ್ಲಿ ನಿಂತು ಕುಕ್ಕರ್ ಇಡಬೇಕು. ನರ್ಸಮ್ಮ ಒಂದು ಹಾಳೆ ಮೇಲೆ ಪಾಳಿ ಬರೆದು ಗೋಡೆಗೆ ಅಂಟಿಸಿದ್ರಂತೆ, ಆಸ್ಪತ್ರೆ ಡ್ಯೂಟಿ ಚಾರ್ಟ್ ಥರ. ಜಗಳ ನಿಂತುಹೋಯ್ತು. ಮಿನಾದಲ್ಲಿ ಟೆಂಟುಗಳೆಲ್ಲಾ ಒಂದೇ ಥರ ಬಿಳಿ, ಅಮ್ಮಿ ವುಜೂಗೆ, ಅಂದ್ರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋಕೆ, ಹೋದೋರು ದಾರಿ ತಪ್ಪಿದ್ರು. ಇಂಡೋನೇಷ್ಯಾದ ಹೆಂಗಸರ ಒಂದು ಗುಂಪು, ಮಾತು ಒಂದಕ್ಷರ ಬರಲ್ಲ, ಕೈಯಲ್ಲಿದ್ದ ಪಟ್ಟಿ ನೋಡಿ, ಕಂಬದ ನಂಬರ್ ನೋಡ್ಕೊಂಡು ನಮ್ಮ ಟೆಂಟಿನವರೆಗೂ ಬಿಟ್ಟು ಹೋದ್ರು. ಅಮ್ಮಿ ಅವರಿಗೆ ಕೊಡೋಕೆ ಏನೂ ಇಲ್ಲ ಅಂತ ದುಪ್ಪಟ್ಟಾದ ಸೇಫ್ಟಿ ಪಿನ್ ಬಿಚ್ಚಿ ಕೊಟ್ರಂತೆ! ಆಕೆ ಅದನ್ನ ಅಲ್ಲೇ ಚುಚ್ಚಿಕೊಂಡಳಂತೆ.

ನರ್ಸಮ್ಮ ಈಗ ನಮ್ಮನೆ ಹಿರಿಯರು. ಅಮ್ಮಿ ಶುಗರ್ ರಿಪೋರ್ಟ್ ಮೊದಲು ಹೋಗೋದು ದುರ್ಗಕ್ಕೆ, ಆಮೇಲೆ ಡಾಕ್ಟರ ಹತ್ತಿರ.

ಕಲ್ಲಿನಕೋಟೆ

ಎಲ್ಲರದೂ ಓದಿದೆ. ನನ್ನ ಗುಳಿಗೆ ವಾಪಸ್ ತಗೊಳ್ಳಲ್ಲ. ಆಜಾದ್ ನಗರದವರ ಅಮ್ಮ ಆಗಲಿ, ಫಿಟ್ಟರ್ ಆಗಲಿ, ಯಾರದೂ ಗಂಟು ಹೊತ್ತಿಲ್ಲ ನೋಡಿ. ಕೂಪನ್ನು, ನೀರು, ಪಿನ್ನು, ಇವೆಲ್ಲಾ ಕಣ್ಣೆದುರಿಗೆ ಕೈಯಿಂದ ಕೈಗೆ ಹೋದವು.

ಅಂದಹಾಗೆ ಲಂಡನ್‌ಗೆ ಹೋದ ನಮ್ಮ ಕಡೆಯವರು ಒಬ್ಬರೂ ಬರೀಲಿಲ್ಲವಲ್ಲ? ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣ ಆದ ಬಸವಣ್ಣನ ಪ್ರತಿಮೆ ಹತ್ತಿರ ಅರ್ಧ ಗಂಟೆ ನಿಂತರೆ ದಾವಣಗೆರೆಯ ಒಬ್ಬ ಡಾಕ್ಟರಾದರೂ ಸಿಗ್ತಾರೆ ಅಂತ ನಮ್ಮ ಬೀಗರು ಹೇಳ್ತಾರೆ. ಅದನ್ನ ಅಚಾನಕ್ ಅನ್ನೋಕಾಗಲ್ಲ ಬಿಡಿ.

ಮೊಳಕಾಲ್ಮೂರು ಸೀರೆ

ಎಲ್ಲರಿಗೂ ನಮಸ್ಕಾರ, ಸಹಾಯ ಬೇಕಿತ್ತು. ನಮ್ಮಮ್ಮ ಮೊದಲ ಸಲ ಒಬ್ಬರೇ ಚಿಕಾಗೊಗೆ ಹೊರಟಿದಾರೆ, ನಮ್ಮಕ್ಕನ ಹೆರಿಗೆಗೆ. ಬೆಂಗಳೂರಿಂದ ಅಬುಧಾಬಿ, ಅಲ್ಲಿಂದ ಚಿಕಾಗೊ. ಇಂಗ್ಲಿಷ್ ಬರಲ್ಲ, ಹಿಂದಿ ಬರಲ್ಲ. ಮಗ್ಗದ ಮನೆ ಬಿಟ್ಟು ಬಳ್ಳಾರಿ ದಾಟಿದವರಲ್ಲ. ರಾತ್ರಿ ನಿದ್ದೆ ಮಾಡ್ತಿಲ್ಲ.

ಪಿಜೆ ಬಡಾವಣೆ ಟೀಚರ್

ನೋಡಮ್ಮ, ಟಿಕೆಟ್ ಜೊತೆಗೆ ವೀಲ್‌ಚೇರ್ ಕೇಳಿಬಿಡು. ನಡೆಯೋಕೆ ಆಗದವರಿಗೆ ಅಂತ ಇರುವುದೇನೋ ನಿಜ, ಆದರೆ ಭಾಷೆ ಬಾರದ ವಯಸ್ಸಾದವರೂ ಅದನ್ನೇ ಕೇಳಿಕೊಳ್ಳುತ್ತಾರೆ. ಮಂಡಿ ನೋವಿದ್ದರಂತೂ ಸಂಕೋಚವೇ ಬೇಡ. ಅಬುಧಾಬಿಯಲ್ಲೇ ಅಮೆರಿಕದ ಇಮಿಗ್ರೇಷನ್ ಮುಗಿಯುತ್ತೆ, ಚಿಕಾಗೊದಲ್ಲಿ ಇಳಿದು ನೇರ ಹೊರಗೆ. ಅದಕ್ಕೇ ಮಧ್ಯದಲ್ಲಿ ಬಿಡುವು ಚೆನ್ನಾಗಿ ಇರುವ ವಿಮಾನ ನೋಡು. ಯಾರ ಮನೆಗೆ, ಯಾಕೆ, ಎಷ್ಟು ದಿನ, ಅಳಿಯನ ಫೋನ್ ನಂಬರ್, ಎಲ್ಲಾ ಇಂಗ್ಲಿಷಿನಲ್ಲಿ ಒಂದು ಹಾಳೆಯಲ್ಲಿ ಬರೆದು ಪಾಸ್‌ಪೋರ್ಟಿನಲ್ಲಿಡು. ವಿಮಾನದ ಊಟಕ್ಕೆ ವೆಜ್ ಅಂತ ಮೊದಲೇ ಹಾಕಿಸು. ಗಸಗಸೆ ಹಾಕದ ಅಂಟಿನುಂಡೆ ತಗೊಂಡು ಹೋಗಲಿ, ಕಸ್ಟಮ್ಸ್‌ನಲ್ಲಿ ಇದೆ ಅಂತ ಹೇಳಬೇಕು. ಕರಿಬೇವಿನ ಸೊಪ್ಪು ಮಾತ್ರ ಒಂದೆಲೆಯೂ ಬೇಡ, ಬಿಡಲ್ಲ.

ಮೊಳಕಾಲ್ಮೂರು ಸೀರೆ

ತುಂಬಾ ಉಪಕಾರ ಮೇಡಂ. ಆದ್ರೂ ಆ ಅಬುಧಾಬಿಯಲ್ಲಿ ಒಬ್ಬರಾದ್ರೂ ಕನ್ನಡದವರು ಸಿಗ್ತಾರಾ? ಅಮ್ಮ ಅದನ್ನೇ ಕೇಳ್ತಿದಾರೆ.

ಚಳ್ಳಕೆರೆ ಶೇಂಗಾ

ಮೊಳಕಾಲ್ಮೂರು ಅಂದ್ರಿ. ಅಮ್ಮನಿಗೆ ತೆಲುಗು ಬರುತ್ತೆ ತಾನೆ?

ಮೊಳಕಾಲ್ಮೂರು ಸೀರೆ

ಅಯ್ಯೋ, ಮನೇಲಿ ಅರ್ಧ ಮಾತು ತೆಲುಗೇ.

ಚಳ್ಳಕೆರೆ ಶೇಂಗಾ

ಮತ್ತೆ ಯಾಕ್ರೀ ಚಿಂತೆ! ಅಮೆರಿಕದ ವಿಮಾನದ ಗೇಟಿನಲ್ಲಿ ಬಾಣಂತನಕ್ಕೆ ಹೊರಟ ತೆಲುಗು ಅಮ್ಮಂದಿರದ್ದೇ ಒಂದು ಸಾಲು ಇರುತ್ತೆ. ನಿಮ್ಮಮ್ಮ ಹೋಗಿ ಪಕ್ಕದಲ್ಲಿ ಕೂತ್ಕೊಂಡು "ಎನ್ನೋ ನೆಲ ಮೀ ಅಮ್ಮಾಯಿಕಿ?" (ನಿಮ್ಮ ಮಗಳಿಗೆ ಎಷ್ಟನೇ ತಿಂಗಳು?) ಅಂತ ಒಂದು ಮಾತು ಕೇಳಲಿ, ಚಿಕಾಗೊ ತನಕ ಬಾಯಿ ಮುಚ್ಚೋಕೆ ಬಿಡಲ್ಲ ಅವರು.